ನೆಬೋಶ್, ಐಯೋಶ್, ಲೀಡ್ ಆಡಿಟರ್: ಯಾರಿಗೆ ಯಾವುದು?

ಕೆಲಸದ ಜಾಗದ ಸುರಕ್ಷತೆಗೆ ರಿಸ್ಕ್ ಅಸೆಸ್‌ಮೆಂಟ್ (ಅಪಾಯ ಗುರುತಿಸಿ ಅಳೆಯುವ ದಾಖಲೆ) ಬರೆಯಲು ಕೈ ಪಳಗಬೇಕೆಂದರೆ ಬ್ರಿಟನ್ನಿನ ಪರೀಕ್ಷಾ ಸಂಸ್ಥೆ ನೆಬೋಶ್‌ನ ಇಂಟರ್‌ನ್ಯಾಷನಲ್ ಜನರಲ್ ಸರ್ಟಿಫಿಕೇಟ್‌ಗೆ ಸಾಟಿಯಿಲ್ಲ. ಅಲ್ಲಿನದೇ ಸುರಕ್ಷತಾ ವೃತ್ತಿಪರರ ಸಂಸ್ಥೆ ಐಯೋಶ್‌ನ ಮ್ಯಾನೇಜಿಂಗ್ ಸೇಫ್ಲಿ, ಕೆಲಸದ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 45001ರ ಲೀಡ್ ಆಡಿಟರ್ (ಮುಖ್ಯ ತಪಾಸಕ) ಕೋರ್ಸ್‌ಗಳ ಗುರಿಯೇ ಬೇರೆ.

ನೆಬೋಶ್‌ನಲ್ಲಿ ಐಜಿ1 ಎಂಬ ಮೊದಲ ಭಾಗ ಓಪನ್ ಬುಕ್ ಪರೀಕ್ಷೆ. 100ಕ್ಕೆ 45 ಬಂದರೆ ಪಾಸ್. ಪುಸ್ತಕ ನೋಡಿ ಬರೆದರಾಯಿತು ಅಂದುಕೊಂಡವರೇ ಹೆಚ್ಚು ಎಡವುವುದು. ಪ್ರಶ್ನೆಗಳು ಒಂದು ಕಲ್ಪಿತ ಸಂಸ್ಥೆಯ ಸನ್ನಿವೇಶದ ಮೇಲಿರುತ್ತವೆ. ಅಲ್ಲಿನ ವಿವರಕ್ಕೆ ಜೋಡಿಸದ ಉತ್ತರ ಎಷ್ಟು ಉದ್ದವಿದ್ದರೂ ಅಂಕ ತರುವುದಿಲ್ಲ.

ಅಸಲಿ ಕಲಿಕೆ ಎರಡನೇ ಭಾಗವಾದ ಐಜಿ2ರಲ್ಲಿ. ನಿಜವಾದ ಕೆಲಸದ ಜಾಗ ಸುತ್ತಿ, ಕನಿಷ್ಠ 5 ವರ್ಗಗಳಿಂದ ಕನಿಷ್ಠ 10 ಹಝಾರ್ಡ್ (ಅಪಾಯದ ಮೂಲ) ಗುರುತಿಸಬೇಕು. ಪ್ರತಿಯೊಂದಕ್ಕೂ ಯಾರಿಗೆ ಹೇಗೆ ಪೆಟ್ಟು, ಈಗಿರುವ ಕ್ರಮ ಯಾವುದು, ಇನ್ನೇನು ಬೇಕು, ಎಷ್ಟು ಸಮಯದಲ್ಲಿ, ಯಾವ ಹುದ್ದೆಯವರ ಹೊಣೆ ಎಂಬುದನ್ನೆಲ್ಲ ತುಂಬಬೇಕು. ಆಮೇಲೆ ತುರ್ತಿನ 3 ಕ್ರಮ ಆರಿಸಿ ನೈತಿಕ, ಕಾನೂನು, ಹಣಕಾಸಿನ ಕಾರಣ ಕೊಟ್ಟು ಸಮರ್ಥಿಸಬೇಕು. ಎಡವಟ್ಟಾಗುವುದು ಮೊದಲ ಕಾಲಂನಲ್ಲೇ: ‘ಜಾರಿ ಬೀಳುವುದು’ ಎಂದು ಬರೆಯುತ್ತಾರೆ. ಹಝಾರ್ಡ್ ಅಂದರೆ ನೆಲಕ್ಕೆ ಸೋರಿದ ಎಣ್ಣೆ. ಬೀಳುವುದು ಅದರ ಫಲ. ಇದು ಸ್ಪಷ್ಟವಿದ್ದರೆ ಪರಿಹಾರವೂ ಸೋರುವ ಸೀಲ್ ಬದಲಿಸುವುದರಿಂದ ಶುರುವಾಗುತ್ತದೆ, ಇಲ್ಲದಿದ್ದರೆ ನೇರ ಸೇಫ್ಟಿ ಶೂಗೆ ಹಾರುತ್ತದೆ. ‘ಎಚ್ಚರದಿಂದಿರಿ’ ಎಂಬುದಂತೂ ಕಂಟ್ರೋಲೇ (ಅಪಾಯ ತಡೆಯುವ ಕ್ರಮ) ಅಲ್ಲ.

ಮ್ಯಾನೇಜಿಂಗ್ ಸೇಫ್ಲಿ ಸಾಮಾನ್ಯವಾಗಿ 3 ದಿನದ ಕೋರ್ಸ್. ಕೊನೆಗೆ ಒಂದು ಪರೀಕ್ಷೆ, ಒಂದು ರಿಸ್ಕ್ ಅಸೆಸ್‌ಮೆಂಟ್. ಸೂಪರ್‌ವೈಸರ್‌ಗಳಿಗೆ ಹೇಳಿ ಮಾಡಿಸಿದಂತಿದೆ, ಸೇಫ್ಟಿ ಆಫೀಸರ್‌ಗೆ ಸಾಲದು. 5x5 ಮ್ಯಾಟ್ರಿಕ್ಸ್ (ಸಾಧ್ಯತೆ, ತೀವ್ರತೆ ಎರಡಕ್ಕೂ 1ರಿಂದ 5ರವರೆಗೆ ಅಂಕ ಕೊಡುವ ಪಟ್ಟಿ) ಬಳಸುವಾಗ ಒಂದು ಗಮನಿಸಿ: ತರಬೇತಿ ಕೊಟ್ಟೊಡನೆ ಎತ್ತರದಿಂದ ಬೀಳುವ ತೀವ್ರತೆಯನ್ನು 5ರಿಂದ 2ಕ್ಕೆ ಇಳಿಸುವವರಿದ್ದಾರೆ. ತರಬೇತಿಯಿಂದ ತಗ್ಗುವುದು ಬೀಳುವ ಸಾಧ್ಯತೆ ಮಾತ್ರ. ಬಿದ್ದರೆ ಆಗುವ ಪೆಟ್ಟು ಮೊದಲಿನಷ್ಟೇ.

ಲೀಡ್ ಆಡಿಟರ್ 5 ದಿನ. ಅದು ರಿಸ್ಕ್ ಅಳೆಯಲು ಕಲಿಸುವುದಿಲ್ಲ, ಬೇರೆಯವರು ಅಳೆದದ್ದರಲ್ಲಿ ತೂತು ಹುಡುಕಲು ಕಲಿಸುತ್ತದೆ: ಐಎಸ್ಒ 45001ರ ವಿಧಿ 6.1.2 ಪ್ರಕಾರ ಹಝಾರ್ಡ್ ಗುರುತಿಸಿದ್ದಾರೆಯೇ, 8.1.2ರ ಶ್ರೇಣಿಯಂತೆ ನಿವಾರಣೆ ಮೊದಲು, ಪಿಪಿಇ (ಹೆಲ್ಮೆಟ್, ಶೂಗಳಂಥ ರಕ್ಷಣಾ ಸಾಧನ) ಕೊನೆಗೆ ಇದೆಯೇ. ‘ತರಬೇತಿ ಸಾಲದು’ ಎಂದು ಬರೆದರೆ ಅದು ಅಭಿಪ್ರಾಯ. ಸಾಮರ್ಥ್ಯದ ಬಗೆಗಿನ ವಿಧಿ 7.2 ಏನು ಕೇಳುತ್ತದೆ, ಯಾವ ಫೋರ್ಕ್‌ಲಿಫ್ಟ್ ಚಾಲಕರ ದಾಖಲೆ ಸಿಗಲಿಲ್ಲ ಎಂದು ಬರೆದರೆ ಮಾತ್ರ ನಾನ್‌ಕನ್ಫರ್ಮಿಟಿ (ಮಾನದಂಡ ಪಾಲಿಸದ ಲೋಪ). ಕೆಲಸದ ಅನುಭವವಿಲ್ಲದೆ ಮೊದಲಿಗೇ ಇದನ್ನು ಮಾಡಿದರೆ ವಿಧಿಗಳ ನಂಬರುಗಳಷ್ಟೇ ಬಾಯಿಗೆ ಬರುತ್ತವೆ.

ಹಣ ಕಟ್ಟುವ ಮುನ್ನ ತರಬೇತಿ ಕೇಂದ್ರದ ಹೆಸರು ಆಯಾ ಸಂಸ್ಥೆಯ ಅಧಿಕೃತ ಪಟ್ಟಿಯಲ್ಲಿದೆಯೇ ನೋಡಿ. ಗೋಡೆಗೆ ಅಂಟಿಸಿದ ಲೋಗೋ ಸಾಕ್ಷಿಯಲ್ಲ.