ಸಿಗ್ರಾಫ್ ಎಲೆಕ್ಟ್ರಾನಿಕ್ ಥಿಯೇಟರ್: ವಿದ್ಯಾರ್ಥಿಗಳ ಸಿನಿಮಾ ತಪ್ಪಿಸಬೇಡಿ

ಸಿಗ್ರಾಫ್ ಅಂದರೆ ಕಂಪ್ಯೂಟರ್ ಗ್ರಾಫಿಕ್ಸ್ ಮಂದಿಯ ವರ್ಷಾವರ್ಷದ ಜಾತ್ರೆ. 1974ರಲ್ಲಿ ಶುರುವಾದದ್ದು. ಹಗಲೆಲ್ಲ ಸಂಶೋಧನಾ ಪ್ರಬಂಧ, ಗಣಿತ, ಹೊಸ ಹಾರ್ಡ್‌ವೇರ್ ತೋರಿಸುವವರ ಮಳಿಗೆ. ಇದರ ಜೊತೆಗೇ ಒಂದು ಚಿತ್ರೋತ್ಸವವೂ ನಡೆಯುತ್ತದೆ, ಕಂಪ್ಯೂಟರ್ ಅನಿಮೇಷನ್ ಫೆಸ್ಟಿವಲ್. ಅದರ ಮುಖ್ಯ ಪ್ರದರ್ಶನವೇ ಎಲೆಕ್ಟ್ರಾನಿಕ್ ಥಿಯೇಟರ್. ಇಲ್ಲಿ ಮೊದಲ ಬಹುಮಾನ ಗೆದ್ದ ಕಿರುಚಿತ್ರಕ್ಕೆ ಆಸ್ಕರ್ ಸ್ಪರ್ಧೆಗೆ ಹೋಗುವ ಅರ್ಹತೆ ಸಿಗುತ್ತದೆ. ಹಾಗಾಗಿ ಸುಮ್ನೆ ಮನರಂಜನೆಗೆ ಇಟ್ಟ ಕಾರ್ಯಕ್ರಮ ಅಲ್ಲ.

ನಾನು ಲೈಟಿಂಗ್ ಕೆಲಸದವನು. ಯಾವ ಸಿನಿಮಾ ನೋಡಿದರೂ ಮೊದಲು ಕಣ್ಣು ಹೋಗುವುದು ನೆರಳಿಗೆ. ಇಂಥವರೇ ತುಂಬಿದ ಹಾಲ್‌ನಲ್ಲಿ ಕೂತು ನೋಡುವುದೇ ಒಂದು ಮಜಾ. ಕಂಪ್ಯೂಟರ್‌ನಲ್ಲಿ ಮಾಡಲು ಕಷ್ಟವಾದ, ಆದರೆ ಬೇರೆ ಕಡೆ ಯಾರೂ ಗಮನಿಸದ ಒದ್ದೆ ಕೂದಲಿಗೆ ಇಲ್ಲಿ ಚಪ್ಪಾಳೆ ಬೀಳುತ್ತದೆ.

ಈ ಚಪ್ಪಾಳೆಯ ಅಭ್ಯಾಸ ಹಳೆಯದು. 1980ರಲ್ಲಿ ಸಿಯಾಟಲ್‌ನಲ್ಲಿ ಲೋರೆನ್ ಕಾರ್ಪೆಂಟರ್ ಎಂಬ ಬೋಯಿಂಗ್ ಉದ್ಯೋಗಿ ಎರಡು ನಿಮಿಷದ ಚಿತ್ರ ತೋರಿಸಿದರು. ಒಂದೇ ಆಕಾರ ಸಣ್ಣದರಲ್ಲೂ ದೊಡ್ಡದರಲ್ಲೂ ಮರುಕಳಿಸುವ ಫ್ರಾಕ್ಟಲ್ ಗಣಿತದಿಂದ ಹುಟ್ಟಿಸಿದ ಬೆಟ್ಟಗಳ ಮೇಲೆ ಹಾರಾಟ, ಅಷ್ಟೇ. ಕಥೆಯೇ ಇಲ್ಲ. ಆದರೂ ಜನ ಹುಚ್ಚೆದ್ದು ಹೋದರು, 'ಸ್ಟಾರ್ ವಾರ್ಸ್' ತೆಗೆದ ಕಂಪನಿ ಲ್ಯೂಕಾಸ್‌ಫಿಲ್ಮ್ ಅವರನ್ನು ಕೆಲಸಕ್ಕೆ ಕರೆದುಕೊಂಡಿತು. ನಾಲ್ಕು ವರ್ಷದ ನಂತರ ಮಿನಿಯಾಪೊಲಿಸ್‌ನಲ್ಲಿ ಅದೇ ಲ್ಯೂಕಾಸ್‌ಫಿಲ್ಮ್ ತಂಡ ಒಂದು ಹುಡುಗ ಮತ್ತು ಜೇನ್ನೊಣದ ಕಿರುಚಿತ್ರ ತಂದಿತು. ರೆಂಡರ್, ಅಂದರೆ ಕಂಪ್ಯೂಟರ್ ಲೆಕ್ಕಹಾಕಿ ಕೊನೆಯ ಚಿತ್ರ ಮೂಡಿಸುವ ಕೆಲಸ, ಮುಗಿದಿರಲಿಲ್ಲ. ಕೆಲವು ಶಾಟ್‌ಗಳು ಬರೀ ಗೆರೆಗಳ ವೈರ್‌ಫ್ರೇಮ್. ಕಥೆಯಲ್ಲಿ ಮುಳುಗಿದ್ದ ಎಷ್ಟೋ ಪ್ರೇಕ್ಷಕರಿಗೆ ಅದು ಗೊತ್ತೇ ಆಗಲಿಲ್ಲವಂತೆ. ನೆರಳು ನೋಡುವ ನನ್ನಂಥವನೂ ಹಾಗೆ ಮೋಸಹೋಗಬೇಕು, ಅದಕ್ಕೇ ನಾನು ಟಿಕೆಟ್ ತೆಗೆದುಕೊಳ್ಳುವುದು.

2022ರ ವ್ಯಾಂಕೂವರ್ ಆವೃತ್ತಿಯಲ್ಲಿ ಅದು ಆಯಿತು. ಆ ವರ್ಷ ಮೊದಲ ಬಹುಮಾನ ಹೋಗಿದ್ದು ದೊಡ್ಡ ಸ್ಟುಡಿಯೋಗಲ್ಲ, ಫ್ರಾನ್ಸಿನ ಪೋಲ್ ತ್ರೀಡಿ ಶಾಲೆಯ ವಿದ್ಯಾರ್ಥಿಗಳಿಗೆ. ಚಿತ್ರದ ಹೆಸರು 'ದಿ ಸೇನ್ಸ್ ಟಿಯರ್ಸ್', ಅಂದರೆ ಸೇನ್ ನದಿಯ ಕಣ್ಣೀರು. 1961ರ ಅಕ್ಟೋಬರ್ 17ರಂದು ಅಲ್ಜೀರಿಯಾದ ಕಾರ್ಮಿಕರು ಕರ್ಫ್ಯೂ ವಿರೋಧಿಸಿ ಪ್ಯಾರಿಸ್‌ನ ಬೀದಿಗಿಳಿದರು. ಪೊಲೀಸರು ಅವರ ಮೇಲೆ ಬಿದ್ದರು. ಎಷ್ಟೋ ಜನರ ಹೆಣ ಸೇನ್ ನದಿಯಲ್ಲಿ ಸಿಕ್ಕವು. ಇಂಥ ವಿಷಯವನ್ನು ಒಂಬತ್ತು ನಿಮಿಷದ ಆಸುಪಾಸಿನ ಅನಿಮೇಷನ್‌ನಲ್ಲಿ ಹೇಳುವ ಧೈರ್ಯ ನೋಡಿ. ಕ್ಯಾಮೆರಾ ಮೆರವಣಿಗೆಯ ಒಳಗೇ ನಡುಗುತ್ತಾ ಓಡುತ್ತದೆ. ಪಾತ್ರಗಳು ನಿಜ ಮನುಷ್ಯರ ಹಾಗೇ ಕಾಣಲಿ ಅಂತ ಯಾರೂ ಒದ್ದಾಡಿಲ್ಲ. ಅದರಿಂದಲೇ ಏಟು ಜಾಸ್ತಿ ತಾಗುತ್ತದೆ. ಕೊನೆ ಹೇಳುವುದಿಲ್ಲ, ನೋಡಿ. ಆ ಬೀದಿಯಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತಿತ್ತು ಅಂತ ಕೇಳಿದರೆ ನನ್ನ ಬಳಿ ಉತ್ತರ ಇಲ್ಲ.

ವಿದ್ಯಾರ್ಥಿಗಳಿಗೆ ಇದು ಹೇಗೆ ಸಾಧ್ಯ? ಫ್ರೆಂಚ್ ಅನಿಮೇಷನ್ ಶಾಲೆಗಳಲ್ಲಿ ಕೊನೆಯ ವರ್ಷ ನಾಲ್ಕೈದು ಜನ, ಕೆಲವೊಮ್ಮೆ ಇನ್ನೂ ಕೆಲವರು, ಸೇರಿ ಒಂದೇ ಚಿತ್ರ ಮಾಡುತ್ತಾರೆ. ಪಾತ್ರವನ್ನು ಅಲುಗಾಡಿಸಲು ಬೇಕಾದ ಒಳಗಿನ ಎಲುಬುಗೂಡನ್ನು, ಅಂದರೆ ರಿಗ್ ಅನ್ನು, ಒಬ್ಬರೇ ಕಟ್ಟಬೇಕು, ಅವರೇ ಅನಿಮೇಟ್ ಮಾಡಬೇಕು. ರೆಂಡರ್ ಮಷೀನುಗಳನ್ನು ಇಡೀ ಕ್ಲಾಸ್ ಹಂಚಿಕೊಳ್ಳಬೇಕು. ಕೂದಲು, ನೀರು, ಜನಜಂಗುಳಿ, ಮೂರೂ ದುಬಾರಿ. ಹಾಗಾಗಿ ಯಾವುದನ್ನು ಬಿಡಬೇಕು ಅಂತ ಮೊದಲ ದಿನವೇ ಯೋಚಿಸುತ್ತಾರೆ. ದುಡ್ಡಿರುವ ಸ್ಟುಡಿಯೋಗಳು ಆ ಪ್ರಶ್ನೆ ಕೇಳಿಕೊಳ್ಳುವುದೇ ಕಡಿಮೆ. ಅದೇ ವರ್ಷ ವಿದ್ಯಾರ್ಥಿ ವಿಭಾಗದ ಬಹುಮಾನ ಪಡೆದ 'ಯಲ್ಲಾ!' ಕೂಡ ಫ್ರೆಂಚ್ ಶಾಲೆಯದ್ದೇ.

ನನಗೆ ಹಿಡಿಸದ ಭಾಗ ಅಂದರೆ ಒಂದು ದೃಶ್ಯ ಹೇಗೆ ಕಟ್ಟಿದರು ಅಂತ ಪದರ ಪದರವಾಗಿ ತೋರಿಸುವ ಬ್ರೇಕ್‌ಡೌನ್ ರೀಲ್‌ಗಳು. ಮೊದಲು ಹಸಿರು ಪರದೆ, ಆಮೇಲೆ ಬೂದು ಮಾಡೆಲ್, ಬಣ್ಣ, ಬೆಳಕು, ಹೊಗೆ, ಸ್ಫೋಟ. ಹಿನ್ನೆಲೆಗೆ ಢಂ ಢಂ ಸಂಗೀತ. ಮೊದಲನೆಯದು ಖುಷಿ ಕೊಡುತ್ತದೆ. ಮೂರನೆಯದಕ್ಕೆ ಆಕಳಿಕೆ. ಒಂದು ಗಂಭೀರ ಕಿರುಚಿತ್ರ ಮುಗಿದ ಕೂಡಲೇ ಇಂಥದ್ದು ಬಂದರೆ ಆಗ ತಾನೇ ಕಟ್ಟಿದ ಭಾವ ಪುಡಿಪುಡಿ. ವಿಜ್ಞಾನದ ದೃಶ್ಯಗಳ ಮಾತು ಬೇರೆ. ನಾಸಾದವರ ಕೆಲಸ ಈ ಉತ್ಸವಕ್ಕೆ ಎಷ್ಟೋ ಸಲ ಬಂದಿದೆ. ಸಾಗರದ ಪ್ರವಾಹದ ಅಂಕಿಅಂಶಗಳು ಸುರುಳಿಯಾಗಿ ತಿರುಗುವುದನ್ನು ನಾನು ಗಂಟೆಗಟ್ಟಲೆ ನೋಡಬಲ್ಲೆ.

ಹೋಗುವುದಾದರೆ ಪಾಸ್ ಕೊಳ್ಳುವ ಮೊದಲು ಅದರಲ್ಲಿ ಈ ಪ್ರದರ್ಶನ ಸೇರಿದೆಯಾ ಅಂತ ನೋಡಿಕೊಳ್ಳಿ. ಎಲ್ಲ ಪಾಸ್‌ಗೂ ಒಂದೇ ನಿಯಮ ಇರುವುದಿಲ್ಲ. ತೀರಾ ಮುಂದೆ ಕೂರಬೇಡಿ, ಪರದೆ ದೊಡ್ಡದು. ಇಷ್ಟು ದೂರ ಹೋಗಲಾಗದವರಿಗೂ ದಾರಿ ಇದೆ, ಅಲ್ವಾ? ಶಾಲೆಗಳು ತಮ್ಮ ಎಷ್ಟೋ ಚಿತ್ರಗಳನ್ನು ಉತ್ಸವಗಳ ಸುತ್ತು ಮುಗಿದ ಮೇಲೆ ಯೂಟ್ಯೂಬ್‌ಗೆ ಹಾಕುತ್ತವೆ. ಬಹುಮಾನದ ಪಟ್ಟಿ ಹಿಡಿದು ಹುಡುಕಿ, ವಿದ್ಯಾರ್ಥಿಗಳದ್ದನ್ನೇ ಮೊದಲು ನೋಡಿ. ಆದರೆ ದಯವಿಟ್ಟು ಫೋನಿನಲ್ಲಿ ಬೇಡ.