ಮರೆವಿನ ಮೊದಲ ಸುಳಿವಿಗೆ ಮೂರು ಪರೀಕ್ಷೆಗಳು: ಒಂದು ಹೋಲಿಕೆ

ವಯಸ್ಸಾದವರಲ್ಲಿ ಅರಿವಿನ ಶಕ್ತಿ ಕುಂದುತ್ತಿರುವುದನ್ನು ಬೇಗ ಗುರುತಿಸಲು ಬಳಸುವ ಪರೀಕ್ಷೆಗಳ ಪೈಕಿ ಮೂರನ್ನು ನಾನೂ ಎಪ್ಪತ್ತು ದಾಟಿದ ನನ್ನ ಅಕ್ಕನೂ ತೆಗೆದುಕೊಂಡೆವು: ಕಾಗದದ ಮೇಲೆ ನಡೆಯುವ ಮೋಕಾ (ಮಾಂಟ್ರಿಯಲ್ ಕಾಗ್ನಿಟಿವ್ ಅಸೆಸ್ಮೆಂಟ್), ಪರದೆಯ ಮೇಲೆ ಇಸ್ಪೀಟ್ ಎಲೆಗಳನ್ನು ತೋರಿಸುವ ಕಾಗ್‌ಸ್ಟೇಟ್, ಮತ್ತು ಕ್ಯಾಂಟ್ಯಾಬ್ ಎಂಬ ಕಂಪ್ಯೂಟರ್ ಪರೀಕ್ಷೆಗಳ ಮಾಲೆಗೆ ಸೇರಿದ ಪೆಟ್ಟಿಗೆಗಳ ಪರೀಕ್ಷೆ. ಇವುಗಳಲ್ಲಿ ಯಾವುದೂ ಕಾಯಿಲೆಯನ್ನು ನಿರ್ಣಯಿಸುವುದಿಲ್ಲ. ಹೆಚ್ಚಿನ ತಪಾಸಣೆ ಬೇಕೇ ಎಂಬುದನ್ನಷ್ಟೇ ಸೂಚಿಸುತ್ತದೆ.

ಮೋಕಾ ಪ್ರಕಟವಾದದ್ದು 2005ರಲ್ಲಿ. ಒಟ್ಟು 30 ಅಂಕಗಳ ಈ ಪರೀಕ್ಷೆ ಸುಮಾರು 10 ನಿಮಿಷದಲ್ಲಿ ಮುಗಿಯುತ್ತದೆ. ಮೂಲ ನಿಯಮದಂತೆ 26 ಅಥವಾ ಹೆಚ್ಚು ಬಂದರೆ ಸಹಜ, ಮತ್ತು 12 ವರ್ಷಕ್ಕಿಂತ ಹೆಚ್ಚು ಓದದವರಿಗೆ ಒಂದು ಅಂಕ ಸೇರಿಸುತ್ತಾರೆ. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದಾಗ, ಕಿವಿಗೆ ಬಿದ್ದ ಹತ್ತಕ್ಕೆ ಸಿಕ್ಕಿ ನಿಮಿಷದ ಮುಳ್ಳನ್ನು ಎರಡರ ಬದಲು ಹತ್ತರತ್ತ ತಿರುಗಿಸುವವರಿದ್ದಾರೆ. ಯೋಚಿಸಿ ತಡೆದುಕೊಳ್ಳುವ ಶಕ್ತಿ ಸಡಿಲವಾಗಿರಬಹುದು ಎಂಬುದಕ್ಕೆ ಅದೊಂದು ಸುಳಿವು. ಅಕ್ಕ ಮುಳ್ಳುಗಳನ್ನು ಸರಿಯಾಗಿಯೇ ಇಟ್ಟಳು. ಆದರೆ ಅಂಕಿಗಳನ್ನು ಬರೆದು ಮುಗಿಸಿದ ಮೇಲೆ ಪೆನ್ನನ್ನು ಎತ್ತಿ ಹಿಡಿದು ಬಹಳ ಹೊತ್ತು ಯೋಚಿಸಿದಳು. ಪರೀಕ್ಷಕಿ ಅದನ್ನು ಗಮನಿಸಿದರು, ಅಂಕಪಟ್ಟಿಯಲ್ಲಿ ಮಾತ್ರ ಅದಕ್ಕೆ ಜಾಗವಿರಲಿಲ್ಲ. ಗಡಿಯಾರಕ್ಕೆ ಪೂರ್ಣ ಅಂಕವೇ ಬಂತು. ಡಿಜಿಟಲ್ ಪೆನ್ನಿನಿಂದ ಗಡಿಯಾರ ಬರೆಸುವ ವಿಧಾನವೂ ಈಗ ಬಂದಿದ್ದು, ಅದರಲ್ಲಿ ಇಂಥ ತಡವರಿಕೆಗಳೂ ದಾಖಲಾಗುತ್ತವೆ. ಕಂಪ್ಯೂಟರ್ ಪರೀಕ್ಷೆಗಳ ನಿಜವಾದ ಲಾಭ ಇರುವುದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ.

ಕಾಗ್‌ಸ್ಟೇಟ್‌ನ ಕಿರು ಮಾಲೆಯಲ್ಲಿ ನಾಲ್ಕು ಪ್ರಶ್ನೆಗಳು, ಉತ್ತರವೆಲ್ಲ ಹೌದು ಅಥವಾ ಇಲ್ಲ: ಎಲೆ ಮಗುಚಿತೇ, ಅದು ಕೆಂಪೇ, ಹಿಂದಿನ ಎಲೆಯೇ ಮತ್ತೆ ಬಂತೇ, ಈ ಎಲೆಯನ್ನು ಇದೇ ಸರದಿಯಲ್ಲಿ ಮೊದಲು ನೋಡಿದ್ದೀರಾ? ಮೊದಲೆರಡರಲ್ಲಿ ವೇಗ ಮುಖ್ಯ, ಕೊನೆಯದರಲ್ಲಿ ನಿಖರತೆ. ಭಾಷೆಯ ಹಂಗು ಕಡಿಮೆ, ಎಲೆಗಳ ಕ್ರಮ ಬದಲಾಗುವುದರಿಂದ ಮತ್ತೆ ಮತ್ತೆ ತೆಗೆದುಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಆದರೆ ಸೆಕೆಂಡಿನ ಸಾವಿರದ ಒಂದು ಪಾಲನ್ನು ಅಳೆಯುವ ಯಾವ ಪರೀಕ್ಷೆಯಾದರೂ ಬೆರಳಿನ ಗಂಟುನೋವನ್ನೂ ಉಪಕರಣದ ನಿಧಾನವನ್ನೂ ಮಿದುಳಿನ ಲೆಕ್ಕಕ್ಕೇ ಬರೆದುಬಿಡುವ ಸಾಧ್ಯತೆ ಇರುತ್ತದೆ.

ಮೂರರಲ್ಲಿ ನನ್ನ ಒಲವು ಪೆಟ್ಟಿಗೆಗಳ ಪರೀಕ್ಷೆಯ ಕಡೆಗೆ. ಪರದೆಯ ಸುತ್ತ ಬಿಳಿ ಪೆಟ್ಟಿಗೆಗಳಿರುತ್ತವೆ. ಅವು ಒಂದೊಂದಾಗಿ ತೆರೆದುಕೊಂಡು ಮುಚ್ಚುತ್ತವೆ, ಕೆಲವುಗಳೊಳಗೆ ಬಣ್ಣದ ಆಕೃತಿಗಳು ಕಾಣುತ್ತವೆ. ಆಮೇಲೆ ಒಂದೊಂದು ಆಕೃತಿ ನಡುವೆ ಮೂಡುತ್ತದೆ, ಅದು ಎಲ್ಲಿತ್ತೋ ಆ ಪೆಟ್ಟಿಗೆಯನ್ನು ಮುಟ್ಟಬೇಕು. ತಪ್ಪಾದರೆ ಪೆಟ್ಟಿಗೆಗಳು ಮತ್ತೆ ತೆರೆದು ತೋರಿಸುತ್ತವೆ. ಆಕೃತಿಗಳಿಗೆ ಸುಲಭವಾಗಿ ಹೆಸರಿಡಲು ಬಾರದಂತೆ ಮಾಡಿರುವುದು ಜಾಣತನದ ಕೆಲಸ: ಹೆಸರು ಹಿಡಿದು ಬಾಯಿಪಾಠ ಮಾಡುವ ದಾರಿ ಅಷ್ಟರಮಟ್ಟಿಗೆ ಮುಚ್ಚುತ್ತದೆ, ಏನನ್ನು ಎಲ್ಲಿ ಕಂಡೆವು ಎಂಬುದನ್ನು ಬೆಸೆದಿಡುವ ಶಕ್ತಿಯೇ ಪರೀಕ್ಷೆಗೆ ಒಳಗಾಗುತ್ತದೆ. ಈ ಬೆಸುಗೆಯಲ್ಲಿ ಮಿದುಳಿನ ನೆನಪಿನ ಭಾಗವಾದ ಹಿಪೊಕ್ಯಾಂಪಸ್‌ಗೆ ದೊಡ್ಡ ಪಾತ್ರವಿದೆ, ಅಲ್ಝೈಮರ್ಸ್ ಕಾಯಿಲೆ ಮೊದಮೊದಲು ತಟ್ಟುವುದೂ ಹಿಪೊಕ್ಯಾಂಪಸ್ ಮತ್ತು ಅದರ ಆಸುಪಾಸಿನ ಭಾಗಗಳಿಗೆ. ಆಕೃತಿಗಳು ಹೆಚ್ಚಿದಂತೆ ನಾನು ಅವಸರಪಟ್ಟು ತಪ್ಪಿದೆ, ಅಕ್ಕ ನಿಧಾನವಾಗಿ ಮುಟ್ಟಿ ಸರಿಯಾಗಿ ಹೇಳಿದಳು. ಇಲ್ಲಿ ತಪ್ಪುಗಳಿಗೇ ಹೆಚ್ಚು ತೂಕವಿರುವುದರಿಂದ ಆ ನಿಧಾನ ಅವಳಿಗೆ ಹೊರೆಯಾಗಲಿಲ್ಲ.

ಹಾಗೆಂದು ಎಲ್ಲರಿಗೂ ಇದನ್ನೇ ಹೇಳಲಾರೆ. ಟಚ್ ಸ್ಕ್ರೀನ್ ಮುಟ್ಟಿಯೇ ಗೊತ್ತಿಲ್ಲದವರಿಗೆ, ಗಾಬರಿಯಾಗುವವರಿಗೆ, ಮೊದಲ ಸಲಕ್ಕೆ ಮನುಷ್ಯರೇ ಎದುರು ಕುಳಿತು ತಮ್ಮ ನುಡಿಯಲ್ಲಿ ನಡೆಸುವ ಮೋಕಾ ಮೇಲು. ವರ್ಷ ವರ್ಷ ತಮ್ಮನ್ನು ತಮ್ಮೊಂದಿಗೇ ಹೋಲಿಸಿಕೊಳ್ಳಬೇಕೆನ್ನುವವರು ಪರದೆಯ ಪರೀಕ್ಷೆಯನ್ನು ಆರಿಸಲಿ, ಪ್ರತಿ ಸಲವೂ ಅದೇ ಉಪಕರಣ ಇರಲಿ. ಎರಡನೆಯ ಸಲ ಅಂಕ ಏರಿದರೆ ಅದು ರೂಢಿಯ ಫಲವೂ ಆಗಿರಬಹುದು ಎಂಬುದು ನೆನಪಿರಲಿ. ಅಂಕ ಕಡಿಮೆ ಬಂದಾಗ ಅಲ್ಝೈಮರ್ಸ್ ಎಂದು ಹೆದರುವ ಮೊದಲು ವೈದ್ಯರ ಬಳಿ ಹೋಗಿ ಥೈರಾಯ್ಡ್, ವಿಟಮಿನ್ ಬಿ12, ಕಿವಿ, ನಿದ್ರೆ, ಖಿನ್ನತೆ ಮತ್ತು ಸೇವಿಸುತ್ತಿರುವ ಮಾತ್ರೆಗಳನ್ನು ಪರಿಶೀಲಿಸಿಕೊಳ್ಳಬೇಕು, ಏಕೆಂದರೆ ಇವುಗಳಿಂದ ಬಂದ ಮರೆವು ಎಷ್ಟೋ ಸಲ ಚಿಕಿತ್ಸೆಗೆ ಬಗ್ಗುತ್ತದೆ.