ಮಸೂರದ ದೂರದರ್ಶಕ, ಕನ್ನಡಿಯ ದೂರದರ್ಶಕ: ಎರಡರಲ್ಲೂ ಇಣುಕಿದ ಮೇಲೆ

ನಮ್ಮ ಮನೆಯಲ್ಲಿ ಎರಡೂ ಇವೆ. ಒಂದು 70 ಮಿ.ಮೀ. ಅಗಲದ ಮಸೂರದ್ದು, ಸಂಗಮದೂರ (ಮಸೂರ ಅಥವಾ ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಬಿಂದುವಿಗಿರುವ ದೂರ) 700 ಮಿ.ಮೀ. ಇನ್ನೊಂದು 150 ಮಿ.ಮೀ. ಕನ್ನಡಿಯ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂರುವ ಬಗೆ), ಸಂಗಮದೂರ 1200 ಮಿ.ಮೀ.

ನೋಡಲು ಬಂದವರೆಲ್ಲ ಮೊದಲು ಕೇಳುವುದು, ‘ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ?’ ಲೆಕ್ಕ ಸುಲಭ. ಮಸೂರದ ಅಥವಾ ಕನ್ನಡಿಯ ಸಂಗಮದೂರವನ್ನು ಐಪೀಸಿನ, ಅಂದರೆ ಕಣ್ಣಿಟ್ಟು ನೋಡುವ ಪುಟ್ಟ ಮಸೂರದ, ಸಂಗಮದೂರದಿಂದ ಭಾಗಿಸಬೇಕು. 10 ಮಿ.ಮೀ. ಐಪೀಸ್ ಹಾಕಿದರೆ ಒಂದರಲ್ಲಿ 70 ಪಟ್ಟು, ಇನ್ನೊಂದರಲ್ಲಿ 120. ಇನ್ನೂ ಚಿಕ್ಕ ಐಪೀಸ್ ಹಾಕಿ ಸಂಖ್ಯೆ ಏರಿಸಬಹುದು, ಆದರೆ ವ್ಯಾಸದ ಪ್ರತಿ ಮಿಲಿಮೀಟರಿಗೆ ಸುಮಾರು 2 ಪಟ್ಟು ದಾಟಿದರೆ ಬಿಂಬ ದೊಡ್ಡದಾಗಿ ಮಸುಕಾಗುತ್ತದೆ, ಅಷ್ಟೇ. ಸಣ್ಣ ದೂರದರ್ಶಕದ ಪೆಟ್ಟಿಗೆ ಮೇಲೆ 500 ಪಟ್ಟು ಎಂದು ಬರೆದಿದ್ದರೆ ದಯವಿಟ್ಟು ನಂಬಬೇಡಿ.

ಚಂದ್ರನಿಗೆ ನಾನು ಎತ್ತಿಕೊಳ್ಳುವುದು ಮಸೂರದ್ದನ್ನೇ. ತಾರಸಿಗೆ ಒಂದೇ ಕೈಯಲ್ಲಿ ಒಯ್ಯಬಹುದು, ಇಟ್ಟ ಕೂಡಲೇ ನೋಡಬಹುದು. ಅಷ್ಟಮಿಯ ಆಸುಪಾಸಿನಲ್ಲಿ ಬೆಳಕು-ಕತ್ತಲಿನ ಗಡಿಯ ಕುಳಿಗಳು ನೆರಳು ಸಮೇತ ಎದ್ದು ಕಾಣುತ್ತವೆ. ಆದರೆ ಶುಕ್ರನತ್ತ ತಿರುಗಿಸಿದರೆ ಸುತ್ತಲೂ ನೇರಳೆ ಅಂಚು. ಗಾಜು ಕೆಂಪಿಗಿಂತ ನೀಲಿಯನ್ನು ಹೆಚ್ಚು ಬಾಗಿಸುವುದರಿಂದ ಬಣ್ಣಗಳೆಲ್ಲ ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ. ಎರಡು ಬಗೆಯ ಗಾಜು ಜೋಡಿಸಿದರೆ ಈ ದೋಷ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕನ್ನಡಿಗೆ ಈ ತೊಂದರೆ ಇಲ್ಲ. ಬೆಳಕು ಗಾಜಿನೊಳಗೆ ಇಳಿಯದೆ ಮೇಲಿನ ಅಲ್ಯೂಮಿನಿಯಂ ಲೇಪದಿಂದಲೇ ಹಿಂದಿರುಗುತ್ತದೆ. ನ್ಯೂಟನ್ 1668ರಲ್ಲಿ ಕನ್ನಡಿಗೆ ಹೊರಳಿದ್ದು ಇದೇ ಕಾರಣಕ್ಕೆ.

ನಿಜವಾದ ಅಂತರ ಗೊತ್ತಾಗುವುದು ಊರ ದೀಪಗಳಿಂದ ದೂರ ಹೋದಾಗ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ಕೆಳಗಿನ ನೀಹಾರಿಕೆ, ಅಂದರೆ ಅನಿಲ-ಧೂಳಿನ ಮೋಡ, ಮಸೂರದಲ್ಲಿ ಚಿಕ್ಕ ಬೂದು ಮಬ್ಬು. ಕನ್ನಡಿಯಲ್ಲಿ ಅದೇ ಮಬ್ಬು ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಎರಡೂ ಕಡೆ ಹರಡುತ್ತದೆ, ನಡುವಿನ ನಾಲ್ಕು ನಕ್ಷತ್ರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. 150 ಮಿ.ಮೀ. ಕನ್ನಡಿ ಸುಮಾರು ನಾಲ್ಕೂವರೆ ಪಟ್ಟು ಬೆಳಕು ಹಿಡಿಯುತ್ತದೆ. ಬೆಳಕನ್ನು ಐಪೀಸಿನತ್ತ ತಿರುಗಿಸುವ, ಕೊಳವೆಯೊಳಗಿನ ಪುಟ್ಟ ಅಡ್ಡ ಕನ್ನಡಿ ಸ್ವಲ್ಪ ಬೆಳಕನ್ನು ತಡೆದರೂ ಲಾಭವೇ ಹೆಚ್ಚು. (ಫೋಟೋಗಳ ಗುಲಾಬಿ ಬಣ್ಣ ಮಾತ್ರ ಎರಡರಲ್ಲೂ ಕಣ್ಣಿಗೆ ಕಾಣುವುದಿಲ್ಲ.)

ಕನ್ನಡಿಯದು ಆರೈಕೆ ಕೇಳುತ್ತದೆ. ಅರ್ಧ ಗಂಟೆಯಾದರೂ ಹೊರಗಿಟ್ಟು ತಣಿಸದಿದ್ದರೆ ಗ್ರಹಗಳು ಕದಡಿದ ಹಾಗೆ ಕಾಣುತ್ತವೆ. ಕಾರಿನಲ್ಲಿ ಕುಲುಕಿದ ಮೇಲೆ ಹಿಂದಿನ ತಿರುಪು ತಿರುಗಿಸಿ ಕನ್ನಡಿಯನ್ನು ಮತ್ತೆ ಸರಿಯಾಗಿ ಕೂರಿಸಬೇಕು.

ದೊಡ್ಡ ವೀಕ್ಷಣಾಲಯಗಳು ಕನ್ನಡಿಯನ್ನೇ ಆರಿಸಿದ್ದಕ್ಕೆ ತೂಕವೂ ಕಾರಣ. ಮಸೂರವನ್ನು ಅಂಚಿನಲ್ಲಷ್ಟೇ ಹಿಡಿಯಬಹುದು, ದೊಡ್ಡದಾದರೆ ತನ್ನ ಭಾರಕ್ಕೇ ಬಾಗುತ್ತದೆ. ವೀಕ್ಷಣಾಲಯಗಳ ಮಸೂರಗಳಲ್ಲಿ ಅತಿ ದೊಡ್ಡದು ಅಮೆರಿಕದ ಯರ್ಕೀಸ್ ದೂರದರ್ಶಕದ್ದು (1897), ಅದೂ 102 ಸೆಂ.ಮೀ. ಅಷ್ಟೇ. ಕನ್ನಡಿಗಾದರೆ ಹಿಂಬದಿಯಿಂದ ಆಧಾರ ಕೊಡಬಹುದು. ತಮಿಳುನಾಡಿನ ಕಾವಲೂರಿನ ವೇಣು ಬಾಪು ದೂರದರ್ಶಕದ್ದು 2.34 ಮೀಟರ್ ಕನ್ನಡಿ. ಹೊಸಕೋಟೆಯಿಂದ ನಡೆಸುವ ಲಡಾಖಿನ ಹಾನ್ಲೆಯ ದೂರದರ್ಶಕದ್ದು 2 ಮೀಟರ್.

ಅಪಾರ್ಟ್‌ಮೆಂಟಿನ ಬಾಲ್ಕನಿ, ಮನೆಯಲ್ಲಿ ಸಣ್ಣ ಮಕ್ಕಳು ಎಂದಾದರೆ ಮಸೂರದ್ದು ಕೊಳ್ಳಿ. ಕತ್ತಲ ಆಕಾಶಕ್ಕೆ ಹೋಗಿಬರುವ ಅನುಕೂಲವಿದ್ದರೆ ಕನ್ನಡಿಯದ್ದೇ ಇರಲಿ. ಯಾವುದೇ ಆಗಲಿ, ಮುಂಭಾಗಕ್ಕೆ ಸರಿಯಾದ ಸೌರ ಫಿಲ್ಟರ್ ಹಾಕದೆ ಸೂರ್ಯನತ್ತ ತಿರುಗಿಸಬೇಡಿ. ಕ್ಷಣದಲ್ಲಿ ಕಣ್ಣು ಹೋಗುತ್ತದೆ.